ಆಟದ ದುಡ್ಡಿಗೆ ನಿದ್ದೆ ಕೆಡುವುದಿಲ್ಲ

'ಸಾರ್, ಮೂರು ತಿಂಗಳಲ್ಲಿ 10 ಲಕ್ಷವನ್ನು 13 ಮಾಡಿದೆ' ಎಂದು ಒಬ್ಬ ಹುಡುಗ ಮೊಬೈಲ್ ನನ್ನ ಮುಂದೆ ಹಿಡಿದ. ಷೇರು ವ್ಯಾಪಾರ ಕಲಿಸುವ ಆಪ್, ಎಲ್ಲಾ ವರ್ಚುವಲ್ ದುಡ್ಡು. ತಿಂಗಳಿಗೆ ಕೈಯಲ್ಲಿ ಎಷ್ಟು ಉಳಿಯುತ್ತೆ ಅಂದೆ. ಐದು ಸಾವಿರ ಅಂದ. ಮತ್ತೆ 10 ಲಕ್ಷದಲ್ಲಿ ಯಾಕಪ್ಪಾ ಆಡ್ತೀಯ?

ಹೀಗೆ ಸುಳ್ಳು ದುಡ್ಡಿನಲ್ಲಿ ಷೇರು ಕೊಂಡು ಮಾರುವ ಪೇಪರ್ ಟ್ರೇಡಿಂಗ್ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾವು ಹೇಳಿದ ಬೆಲೆಗೆ ಕೊಳ್ಳುವ-ಮಾರುವ ಲಿಮಿಟ್ ಆರ್ಡರ್‌ಗೂ ಆಗ ಸಿಕ್ಕ ಬೆಲೆಗೆ ಮುಗಿಸುವ ಮಾರ್ಕೆಟ್ ಆರ್ಡರ್‌ಗೂ ಏನು ವ್ಯತ್ಯಾಸ, ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎನ್ನುವ ಸ್ಟಾಪ್ ಲಾಸ್ ಹೇಗೆ ಕೆಲಸ ಮಾಡುತ್ತೆ ಎಂದು ತಿಳಿಯಲು ಸ್ವಂತ ದುಡ್ಡು ಕಳೆಯಬೇಕಾ? ಆದರೆ ಅಲ್ಲಿ ಕಾಣುವ ಲಾಭವನ್ನು ಮಾತ್ರ ನಂಬಬೇಡಿ.

ಲೆಕ್ಕ ನೋಡಿ. 10,000 ರೂಪಾಯಿಗೆ ಷೇರು ಕೊಂಡು ವಾರ ಬಿಟ್ಟು 10,200ಕ್ಕೆ ಮಾರಿದಿರಿ. ಕೊಳ್ಳುವಾಗ ಹತ್ತು, ಮಾರುವಾಗ ಹತ್ತು ರೂಪಾಯಿ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಒಂದೂವರೆ ರೂಪಾಯಿ ಸ್ಟ್ಯಾಂಪ್ ಡ್ಯೂಟಿ, ಮಾರಿದ್ದಕ್ಕೆ ಡಿಪಿ ಚಾರ್ಜ್ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಹದಿನೈದೋ ಇಪ್ಪತ್ತೋ, ಬ್ರೋಕರೇಜ್ ಇದ್ದರೆ ಅದೂ ಸೇರಿ, ಮೇಲೆ ವರ್ಷದೊಳಗೆ ಮಾರಿದ ಲಾಭಕ್ಕೆ ಶೇ 20 ತೆರಿಗೆ. ಆಪ್ ಮಾತ್ರ ಸುಮ್ನೆ 200 ಎಂದು ಹಸಿರು ಬಣ್ಣದಲ್ಲಿ ತೋರಿಸಿಬಿಡುತ್ತೆ. ಲೋವರ್ ಸರ್ಕ್ಯೂಟ್‌ನಲ್ಲಿ, ಅಂದರೆ ದಿನಕ್ಕೆ ಇಳಿಯಬಹುದಾದ ಕೊನೆಯ ಮಿತಿಯಲ್ಲಿ, ಸಿಕ್ಕಿಕೊಂಡ ಸಣ್ಣ ಕಂಪನಿಯ ಷೇರನ್ನೂ ಕೆಲವು ಆಪ್‌ಗಳು ತಕ್ಷಣ ಮಾರಿ ಕೊಡುತ್ತವೆ. ನಿಜದಲ್ಲಿ ಕೊಳ್ಳುವವರೇ ಇರುವುದಿಲ್ಲ.

ಇದಕ್ಕಿಂತ ದೊಡ್ಡದು ಭಯ. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ. ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 4,389 ಅಂಶ ಬಿತ್ತು. ವರ್ಷವಿಡೀ ವರ್ಚುವಲ್ ದುಡ್ಡಲ್ಲಿ ಕಲ್ಲಿನ ಹಾಗೆ ಕೂತಿದ್ದ ನನ್ನ ಗಿರಾಕಿಯೊಬ್ಬರು ಅವತ್ತು ನಿಜವಾದ ಎರಡು ಲಕ್ಷದ ಷೇರುಗಳನ್ನು ಮಧ್ಯಾಹ್ನದೊಳಗೆ ಮಾರಿ ಆಮೇಲೆ ನನಗೆ ಫೋನ್ ಮಾಡಿದರು. ಜೂನ್ 7ಕ್ಕೆ ಸೂಚ್ಯಂಕ ಮೊದಲಿದ್ದ ಜಾಗವನ್ನೂ ದಾಟಿತ್ತು.

ಅಂದ ಹಾಗೆ, ಬಹುಮಾನ ಕೊಡುವ, ಪ್ರವೇಶ ಶುಲ್ಕ ಕೇಳುವ ವರ್ಚುವಲ್ ಆಟಗಳಿಂದ ದೂರ ಇರಿ. ಷೇರುಪೇಟೆಯ ನಿಯಂತ್ರಕ ಸೆಬಿ ಕೂಡ ಎಚ್ಚರಿಸಿದೆ.

ಆ ಹುಡುಗನಿಗೆ ಒಂದು ನೂರು ಪುಟದ ನೋಟ್‌ಬುಕ್ ತರಲು ಹೇಳಿದೆ. ಬಂಡವಾಳ ಐದೇ ಸಾವಿರ. ಕೊಳ್ಳುವ ಮುಂಚೆಯೇ ಕಾರಣ ಬರೆಯಬೇಕು, ಮಾರಿದ ಮೇಲೆ ಖರ್ಚೆಲ್ಲ ಕಳೆಯಬೇಕು. ಹೋದ ವಾರ ತಂದು ತೋರಿಸಿದ. ಎರಡು ತಿಂಗಳಿಗೆ 41 ರೂಪಾಯಿ ಲಾಭ. ಕಾರಣದ ಕಾಲಂನಲ್ಲಿ ಒಂದು ಕಡೆ 'ಫ್ರೆಂಡ್ ಹೇಳಿದ' ಎಂದು ಬರೆದು, ತಾನೇ ಗೀಟು ಎಳೆದು ಹೊಡೆದು ಹಾಕಿದ್ದ.