ವಿರೋಧಾಭಾಸ: ಅಲಂಕಾರಶಾಸ್ತ್ರದಿಂದ ಪತ್ರಿಕೆಯ ಪುಟದವರೆಗೆ

ರಾಜಕಾರಣಿಯೊಬ್ಬರು ಬೆಳಿಗ್ಗೆ ಆಡಿದ ಮಾತನ್ನು ಸಂಜೆ ತಾವೇ ಅಲ್ಲಗಳೆದರೆ ಅದನ್ನು ‘ವಿರೋಧಾಭಾಸದ ಹೇಳಿಕೆ’ ಎಂದು ಬರೆಯುವುದು ಈಗ ವಾಡಿಕೆಯಾಗಿದೆ. ಅಲ್ಲಿರುವುದು ನಿಜವಾದ ವಿರೋಧ. ವಿರೋಧಾಭಾಸವಾದರೋ ವಿರೋಧವಿದ್ದಂತೆ ತೋರಿ, ವಿಚಾರಿಸಿ ನೋಡಿದಾಗ ಪರಿಹಾರವಾಗುವ ಮಾತಿಗೆ ಅಲಂಕಾರಶಾಸ್ತ್ರ ಕೊಟ್ಟ ಹೆಸರು.

ಭಾಮಹ, ದಂಡಿ ಮೊದಲಾದ ಹಳೆಯ ಆಲಂಕಾರಿಕರು ‘ವಿರೋಧ’ ಎಂದಷ್ಟೇ ಕರೆದರು. 11ನೆಯ ಶತಮಾನದ ಮಮ್ಮಟನೂ ಆ ಹೆಸರನ್ನೇ ಉಳಿಸಿಕೊಂಡನಾದರೂ, ವಿರೋಧವಿಲ್ಲದಿರುವಲ್ಲಿ ವಿರುದ್ಧವೆಂಬಂತೆ ನುಡಿಯುವುದೇ ಇದರ ಲಕ್ಷಣವೆಂದು ಬಿಡಿಸಿ ಹೇಳಿದನು. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರ ‘ಕುವಲಯಾನಂದ’ದಲ್ಲಿ ಲಕ್ಷಣವೂ ಹೆಸರೂ ಒಂದಾಗಿವೆ: ‘ಆಭಾಸತ್ವೇ ವಿರೋಧಸ್ಯ ವಿರೋಧಾಭಾಸ ಇಷ್ಯತೇ’, ಅಂದರೆ ವಿರೋಧವು ಬರಿಯ ತೋರಿಕೆಯಾದರೆ ಅದು ವಿರೋಧಾಭಾಸ. ಅಲ್ಲಿನ ಉದಾಹರಣೆಯಲ್ಲಿ ನಾಯಿಕೆ ಹಾರವನ್ನೇ ಧರಿಸಿಲ್ಲ, ಆದರೂ ಅವಳ ಎದೆ ‘ಹಾರಿ’ ಎನ್ನುತ್ತಾನೆ ನಾಯಕ. ‘ಹಾರಿ’ ಎಂದರೆ ಹಾರವುಳ್ಳದ್ದು ಎಂದುಕೊಂಡ ಓದುಗ ಒಂದು ಕ್ಷಣ ತಡೆಯುತ್ತಾನೆ. ಮನವನ್ನು ಸೆಳೆಯುವಂಥದ್ದು ಎಂಬ ಇನ್ನೊಂದು ಅರ್ಥ ಹೊಳೆದೊಡನೆ ತೊಡಕು ಬಿಡುತ್ತದೆ. ಆ ತಡೆ ಮತ್ತು ಬಿಡುಗಡೆ ಎರಡೂ ಸೇರಿಯೇ ಅಲಂಕಾರ. ವಿರೋಧ ಕೊನೆಯವರೆಗೂ ಉಳಿದರೆ ಶಾಸ್ತ್ರಕಾರರು ಅದನ್ನು ದೋಷವೆಂದೇ ಎಣಿಸುತ್ತಾರೆ.

ಹೀಗಾಗಿ ಪದದ ಸತ್ವವೆಲ್ಲ ‘ಆಭಾಸ’ದಲ್ಲಿದೆ. ಸರಿಯಾದ ಕಾರಣದಂತೆ ತೋರುವ ದೋಷವುಳ್ಳ ಕಾರಣವನ್ನು ಭಾರತೀಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರ ‘ಹೇತ್ವಾಭಾಸ’ ಎನ್ನುವುದೂ ಇದೇ ತೋರಿಕೆಯ ಅರ್ಥದಲ್ಲಿ. ಕನ್ನಡದ ಬಳಕೆಯಲ್ಲಿ ಮಾತ್ರ ‘ಆಭಾಸವಾಯಿತು’ ಎಂದರೆ ಮುಜುಗರವಾಯಿತು, ಅಸಂಗತವಾಯಿತು ಎಂದಾಗಿದೆ. ಸಮಾಸದೊಳಗಿನ ತೋರಿಕೆಯ ಅರ್ಥ ಮಸುಕಾಗಿ, ‘ವಿರೋಧ’ವೊಂದೇ ಕಿವಿಗೆ ಬೀಳಲು ಇದೂ ಕಾರಣವಿದ್ದೀತು ಎಂದು ನನಗನಿಸುತ್ತದೆ.

ತರ್ಕ ಮತ್ತು ಗಣಿತದ ಬರಹಗಳಲ್ಲಿ ಪ್ಯಾರಡಾಕ್ಸ್‌ಗೆ ಇದೇ ಪದವನ್ನು ಬಳಸಿದಾಗ ಅರ್ಥ ಮತ್ತೊಂದು ದಿಕ್ಕಿಗೆ ಹಿಗ್ಗಿತು. ವೇಗದ ಓಟಗಾರ ಅಕಿಲೀಸ್ ಆಮೆಯಿದ್ದ ಜಾಗವನ್ನು ಮುಟ್ಟುವಷ್ಟರಲ್ಲಿ ಪ್ರತಿಸಲವೂ ಅದು ತುಸು ಮುಂದೆ ಹೋಗಿರುತ್ತದೆ, ಆದ್ದರಿಂದ ಮುಂದೆ ಹೊರಟ ಆಮೆಯನ್ನು ಅವನು ಎಂದಿಗೂ ಹಿಡಿಯಲಾರನೆಂಬ ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಜೀನೋನ ವಾದ, ಕೊನೆಯಿಲ್ಲದೆ ಸಾಗುವ ಅನಂತ ಶ್ರೇಣಿಯ ಮೊತ್ತ ಪರಿಮಿತವಾಗಿರಬಲ್ಲದೆಂಬ ಗಣಿತದಿಂದ ಸಡಿಲಗೊಳ್ಳುವುದರಿಂದ ಹಳೆಯ ಅರ್ಥಕ್ಕೆ ಒಗ್ಗುತ್ತದೆ. ಆದರೆ ಬ್ರಿಟಿಷ್ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1901ರಲ್ಲಿ ಕಂಡುಕೊಂಡದ್ದು ಅಂಥದ್ದಲ್ಲ. ತಮಗೆ ತಾವು ಸದಸ್ಯರಲ್ಲದ ಗಣಗಳೆಲ್ಲವೂ (ಗಣವೆಂದರೆ ಗಣಿತದ ‘ಸೆಟ್’) ಸೇರಿದ ಗಣ ತನಗೆ ತಾನು ಸದಸ್ಯವೇ ಎಂದು ಕೇಳಿದರೆ, ಹೌದು ಎಂದರೂ ಅಲ್ಲ ಎಂದರೂ ತದ್ವಿರುದ್ಧ ಉತ್ತರವೇ ಹೊರಡುತ್ತದೆ. 1902ರಲ್ಲಿ ಅವರು ಇದನ್ನು ಪತ್ರದ ಮೂಲಕ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆಗೆ ತಿಳಿಸಿದಾಗ, ಗಣಿತಕ್ಕೆ ತರ್ಕದ ಬುನಾದಿ ಹಾಕಲು ಹೊರಟ ಫ್ರೇಗೆಯವರ ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ಅರ್ಥ ತಿದ್ದಿಕೊಂಡರೆ ಕರಗುವ ತೊಡಕು ಇದಾಗಿರಲಿಲ್ಲ, ಗಣಸಿದ್ಧಾಂತದ ನಿಯಮಗಳನ್ನೇ ಬದಲಿಸಬೇಕಾಯಿತು.

ತರ್ಕದ ಈ ವಿಸ್ತರಣೆಯನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅಲ್ಲಿ ವಿರೋಧ ನಮ್ಮನ್ನು ಇನ್ನಷ್ಟು ಆಳದ ವಿಚಾರಕ್ಕೆ ಕರೆದೊಯ್ಯುತ್ತದೆ. ಮಾತು ತಪ್ಪಿದವರ ಹೇಳಿಕೆಗೆ ಅಂಥ ಯಾವ ಆಳವೂ ಇಲ್ಲ. ಅದಕ್ಕೆ ‘ವೈರುಧ್ಯ’ವೋ ‘ದ್ವಂದ್ವ ನಿಲುವು’ ಎಂಬುದೋ ಸಾಕು.