"ನನಗೆ ಪ್ರಾರ್ಥನೆ ಮಾಡೋಕೆ ಬರಲ್ಲ" ಅನ್ನುವವರಿಗೆ

ಪ್ರಶ್ನೆ: ನಾನು ಚಿಕ್ಕಂದಿನಿಂದ ಚರ್ಚಿಗೆ ಹೋಗುತ್ತಿದ್ದೇನೆ. ಆದರೂ ಪ್ರಾರ್ಥನೆ ಮಾಡೋಕೆ ಬರಲ್ಲ. ಪಾಸ್ಟರ್ ಥರ ಮಾತು ಬರಲ್ಲ. ದಿನಾ ಮನೆಯಲ್ಲಿ ಹೇಗೆ ಪ್ರಾರ್ಥಿಸೋದು?

ಇದಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಂಡೇ ಸ್ಕೂಲಿನ ಮಕ್ಕಳು ಇದನ್ನು ಕೇಳುವುದಿಲ್ಲ. ಅವರ ಅಪ್ಪ ಅಮ್ಮಂದಿರು ಕೇಳುತ್ತಾರೆ. ತೊಂದರೆ ಪ್ರಶ್ನೆಯ ಒಳಗೇ ಕೂತಿದೆ ನೋಡಿ: "ಪಾಸ್ಟರ್ ಥರ ಮಾತು ಬರಲ್ಲ." ಹೆಚ್ಚಿನವರಿಗೆ ಪ್ರಾರ್ಥನೆ ಚೆನ್ನಾಗಿಯೇ ಬರುತ್ತದೆ. ಬರದೇ ಇರುವುದು ಗ್ರಾಂಥಿಕ ಕನ್ನಡ.

ಒಂದು ಸಂಜೆ ಒಬ್ಬರ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇತ್ತು. ಕೊನೆಯಲ್ಲಿ ಮನೆಯಾಕೆಗೆ "ಒಂದೆರಡು ಮಾತು ಪ್ರಾರ್ಥನೆ ಮಾಡಿ ಸಿಸ್ಟರ್" ಅಂದೆ. ಅವರು ಸೆರಗು ಸರಿಮಾಡಿಕೊಂಡು "ಅಯ್ಯೋ, ನಂಗೆ ಬರಲ್ಲ, ಅಯ್ಯನವರೇ ಮಾಡ್ಲಿ" ಅಂದರು. ಸರಿ, ಪಾಸ್ಟರ್ ಅಯ್ಯನವರೇ ಮಾಡಿದರು. ಆಮೇಲೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಆಕೆ ಚಪಾತಿ ತಿರುವಿಹಾಕುತ್ತಾ ಕಿಟಕಿಯ ಕಡೆ ನೋಡಿ, ಮೆಲ್ಲಗೆ "ಸ್ವಾಮಿ, ಹುಡುಗ ಇನ್ನೂ ಬಂದಿಲ್ಲ. ಮಳೆ ಬೇರೆ. ನೋಡ್ಕೋ" ಅನ್ನುತ್ತಿದ್ದರು. ಅವತ್ತು ಆ ಮನೆಯಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಾರ್ಥನೆ ಅದು. ಅದು ಪ್ರಾರ್ಥನೆ ಅಂತ ಆಕೆಗೇ ಗೊತ್ತಿರಲಿಲ್ಲ.

ದೇವರಿಗೆ ಬೇರೆಯದೇ ಭಾಷೆ ಬೇಕು ಅನ್ನುವ ಈ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಇದು ಎಲ್ಲಿಂದ ಬಂತು? ಸತ್ಯವೇದದ, ಅಂದರೆ ಕನ್ನಡ ಬೈಬಲಿನ ಭಾಷೆಯಿಂದ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ 1831ರಲ್ಲಿ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಅದನ್ನು ತಿದ್ದಿದವರೂ ಮೂಲಕ್ಕೆ ಎಲ್ಲೂ ಚ್ಯುತಿ ಬರಬಾರದು ಅಂತ ತುಂಬಾ ಜಾಗ್ರತೆ ವಹಿಸಿದರು. "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ" ಅನ್ನುತ್ತೇವಲ್ಲ, ಆ "ಅಲ್ಪಡಲಿ" ಮೂಲ ಗ್ರೀಕ್ ಕ್ರಿಯಾಪದದ ರೂಪಕ್ಕೆ ಹೊಂದಿಸಿದ್ದು. ಅನುವಾದಕ್ಕೆ ಅದು ಸರಿ. ಆದರೆ ಯಾರಾದರೂ ಅಮ್ಮನ ಹತ್ತಿರ "ಊಟ ಬಡಿಸಲ್ಪಡಲಿ" ಅನ್ನುತ್ತಾರಾ? ಓದುವಾಗ ಆ ಭಾಷೆ ಓದಿ, ಅದರಲ್ಲಿ ಒಂದು ಗಾಂಭೀರ್ಯ ಇದೆ, ನನಗೂ ಇಷ್ಟ. ಬಾಯಿಬಿಟ್ಟು ಮಾತಾಡುವಾಗ ಅದೇ ಬೇಕು ಅಂತ ದೇವರು ಎಲ್ಲೂ ಹೇಳಿಲ್ಲ.

ಇನ್ನೂ ಒಂದು ವಿಷಯ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ದೊಡ್ಡ ಕವಿಗಳ ಗ್ರೀಕಿಗಿಂತ ಬೇರೆ ಇದೆ. ಇದು ಪವಿತ್ರಾತ್ಮನ ವಿಶೇಷ ಭಾಷೆಯೇ ಇರಬೇಕು ಅಂದುಕೊಂಡ ವಿದ್ವಾಂಸರೂ ಇದ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ಟಿನ ಮರಳಿನಲ್ಲಿ ರಾಶಿ ರಾಶಿ ಪಪೈರಸ್ ಹಾಳೆಗಳು ಸಿಕ್ಕವು. ಮನೆಗೆ ಬರೆದ ಕಾಗದ, ಸಾಲದ ಪತ್ರ, ತೆರಿಗೆ ರಸೀದಿ. ಅವುಗಳಲ್ಲಿದ್ದ ಗ್ರೀಕ್ ಹೆಚ್ಚುಕಡಿಮೆ ಸುವಾರ್ತೆಗಳ ಗ್ರೀಕೇ! ಜರ್ಮನಿಯ ಬೈಬಲ್ ವಿದ್ವಾಂಸ ಆಡೋಲ್ಫ್ ಡೈಸ್‌ಮನ್ ಅದನ್ನು ತೋರಿಸಿಕೊಟ್ಟರು. ಸಂತೆಯಲ್ಲಿ ಜನ ಆಡುವ ಮಾತಿನಲ್ಲೇ ಸುವಾರ್ತೆ ಬರೆಯಲಾಗಿತ್ತು. ಇದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೈಬಲಿನೊಳಗಿನ ಪ್ರಾರ್ಥನೆಗಳನ್ನೇ ನೋಡಿ. ನೀರಿನಲ್ಲಿ ಮುಳುಗುತ್ತಿದ್ದ ಪೇತ್ರ ಕೂಗಿದ್ದು "ಕರ್ತನೇ, ಕಾಪಾಡು" ಅಂತ, ಅಷ್ಟೇ. ಹನ್ನಳ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಯೇಸು ಹೇಳಿದ ಒಂದು ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಧರ್ಮನಿಷ್ಠನೆನಿಸಿಕೊಂಡ ಫರಿಸಾಯ ಉದ್ದಕ್ಕೆ ಮಾತಾಡಿದ, ಸುಂಕದವನು ಎದೆ ಬಡಿದುಕೊಂಡು ಪಾಪಿಯಾದ ನನ್ನನ್ನು ಕರುಣಿಸು ಅಂದ. ನೀತಿವಂತನಾಗಿ ಮನೆಗೆ ಹೋದದ್ದು ಸುಂಕದವನು. ಗೆತ್ಸೇಮನೆಯಲ್ಲಿ ಸ್ವತಃ ಯೇಸು ಕರೆದದ್ದು "ಅಪ್ಪಾ" ಅಂತ. ಅದು ಮನೆಮಾತು.

ಶಿಷ್ಯರೂ ನಿಮ್ಮ ಹಾಗೇ ಕೇಳಿದ್ದರು, ಪ್ರಾರ್ಥನೆ ಕಲಿಸು ಅಂತ. ಲೂಕನ 11ನೇ ಅಧ್ಯಾಯದಲ್ಲಿದೆ. ಆಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೂ ಅರ್ಧ ನಿಮಿಷ ಸಾಕು. ಅದರಲ್ಲಿ ಊಟ ಇದೆ, ಕ್ಷಮೆ ಇದೆ, ಕೆಟ್ಟದ್ದರಿಂದ ಬಿಡುಗಡೆ ಇದೆ.

ಹಾಗಾದರೆ ದಿನಾ ಏನು ಮಾಡೋದು? ಹಾಲು ಉಕ್ಕುವವರೆಗೆ ಒಲೆ ಮುಂದೆ ನಿಂತಿರುತ್ತೀರಲ್ಲ, ಅಷ್ಟು ಹೊತ್ತು ಸಾಕು. ಕರ್ತನ ಪ್ರಾರ್ಥನೆಯ ಒಂದೇ ಸಾಲು ಹಿಡಿಯಿರಿ, ಅದಕ್ಕೆ ನಿಮ್ಮ ಮನೆಯ ವಿಷಯ ಸೇರಿಸಿ. "ಅನುದಿನದ ಆಹಾರ" ಅಂದಾಗ ಈ ತಿಂಗಳ ಬಾಡಿಗೆ, ರೇಷನ್ ನೆನಪಾದರೆ ಅದನ್ನೂ ಹೇಳಿ. ಮಾತೇ ಹೊರಡದಿದ್ದರೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ. ಕೋಪ ಬಂದಿದ್ದರೆ 13ನೆಯದು, ಪೂರ್ತಿ ಕತ್ತಲಾಗಿದ್ದರೆ 88ನೆಯದು. ಮನಸ್ಸು ಅಲೆದಾಡಿದರೆ ಬೈದುಕೊಳ್ಳಬೇಡಿ, ಅದು ಎಲ್ಲಿಗೆ ಹೋಯಿತೋ ಆ ವಿಷಯವನ್ನೇ ದೇವರಿಗೆ ಹೇಳಿ. ಬೈಬಲಿನಲ್ಲಿ ಪರ್ಷಿಯದ ರಾಜನ ಸೇವಕನಾಗಿದ್ದ ನೆಹೆಮೀಯ, ರಾಜನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಪುಟ್ಟ ಸಂದಿಯಲ್ಲಿ ಪ್ರಾರ್ಥಿಸಿದ. ಬಸ್‌ಸ್ಟಾಪಿನಲ್ಲಿ ನಿಮಗೆ ಅದಕ್ಕಿಂತ ಜಾಸ್ತಿ ಟೈಮ್ ಸಿಗುತ್ತೆ, ಅಲ್ವಾ?

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದೇವರನ್ನು "ನೀನು" ಅನ್ನಬೇಕಾ, "ನೀವು" ಅನ್ನಬೇಕಾ? ಗೌರವಕ್ಕೆ ಬಹುವಚನ ಹಾಕುವ ನಮ್ಮ ಪದ್ಧತಿ ಯೇಸುವಿನ ಕಾಲದ ಗ್ರೀಕಿನಲ್ಲಿ ಇರಲಿಲ್ಲ. ರಾಜನಿಗೂ ಏಕವಚನವೇ, ಆಳಿಗೂ ಏಕವಚನವೇ. ಅದಕ್ಕೇ ನಮ್ಮ ಸತ್ಯವೇದದಲ್ಲೂ "ನಿನ್ನ ನಾಮವು". ಕನ್ನಡಕ್ಕೆ ಇದು ಹೊಸದೇನೂ ಅಲ್ಲ. ವಚನಕಾರರೂ ದಾಸರೂ ಎಷ್ಟೋ ಕಡೆ ತಮ್ಮ ದೇವರನ್ನು "ನೀನು" ಅಂತ ಕರೆದರು. ನಾವೂ ಅಮ್ಮನನ್ನು "ನೀನು" ಅಂತೀವಿ, ಅದರಲ್ಲಿ ಗೌರವ ಕಮ್ಮಿ ಅಂತ ಯಾರೂ ತಿಳಿಯಲ್ಲ.

ನನ್ನ ಮಗಳು ಮಾತ್ರ ರಾತ್ರಿ ಮಲಗುವಾಗ "ಯೇಸಪ್ಪಾ, ನೀವು ಊಟ ಮಾಡಿದ್ರಾ?" ಅಂತಲೇ ಶುರುಮಾಡುತ್ತಾಳೆ. ದೊಡ್ಡವರನ್ನು "ನೀವು" ಅನ್ನಬೇಕು ಅಂತ ಕಲಿಸಿದವನು ನಾನೇ. ನಾನು ತಿದ್ದಿಲ್ಲ.