ಬೈಕಿಗೊಂದು, ಟ್ರ್ಯಾಕ್ಟರಿಗೊಂದು ಅಂತ ಬೇರೆ ಬೇರೆ ಎಲ್‌ಎಲ್‌ಆರ್ ಪರೀಕ್ಷೆ ಇದೆಯಾ?

ಪ್ರಶ್ನೆ: ಮುಧೋಳದ ಹತ್ತಿರ ನಮ್ಮ ಹೊಲ. ಮಗನಿಗೆ ಮೊನ್ನೆ 18 ತುಂಬಿತು. ಬೈಕಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಬೇಕು. ಕಬ್ಬಿನ ಸೀಸನ್ನಿಗೆ ಟ್ರ್ಯಾಕ್ಟರ್ ಹಿಡಿಯುತ್ತಾನೆ, ಮುಂದೆ ಲಾರಿ ಲೈಸೆನ್ಸ್ ಮಾಡಿಸುವ ಆಸೆಯೂ ಇದೆ. ಒಂದೊಂದು ಗಾಡಿಗೂ ಬೇರೆ ಪ್ರಶ್ನೆ ಇರ್ತಾವಾ ಸರ್? ಏನು ಓದಿಸಲಿ?

ಉತ್ತರ: ಇಲ್ಲ, ಪರೀಕ್ಷೆ ಒಂದೇ. ಅರ್ಜಿ ತುಂಬುವಾಗಲೇ ಗೇರ್ ಇರುವ ಬೈಕು ಮತ್ತು ಎಲ್‌ಎಂವಿ (ಹಗುರ ಮೋಟಾರು ವಾಹನ) ಎರಡನ್ನೂ ಆರಿಸಿಕೊಳ್ಳಿ, ಒಂದೇ ಸಲಕ್ಕೆ ಮುಗಿಯುತ್ತದೆ. ಟ್ರ್ಯಾಕ್ಟರಿಗೆ ಬೇರೆ ಓದು ಬೇಡ. ಖಾಲಿ ತೂಕ 7,500 ಕಿಲೋ ದಾಟದ ಟ್ರ್ಯಾಕ್ಟರನ್ನು ಮೋಟಾರು ವಾಹನ ಕಾಯ್ದೆ ಕಾರಿನ ಜೊತೆಗೇ ಎಲ್‌ಎಂವಿ ಗುಂಪಿಗೆ ಸೇರಿಸಿದೆ. ನಮ್ಮ ಕಡೆ ಹೊಲದಲ್ಲಿ ಓಡಾಡುವ ಟ್ರ್ಯಾಕ್ಟರುಗಳೆಲ್ಲ ಆ ಲೆಕ್ಕದೊಳಗೇ ಬರುತ್ತವೆ.

ಇನ್ನೊಂದು ಮಾತು ಜಾಸ್ತಿ ಜನರಿಗೆ ಗೊತ್ತಿಲ್ಲ. ಒಮ್ಮೆ ಡಿಎಲ್ (ಪೂರ್ತಿ ಡ್ರೈವಿಂಗ್ ಲೈಸೆನ್ಸ್) ಕೈಗೆ ಬಂದು ಅದು ಚಾಲ್ತಿಯಲ್ಲಿದ್ದರೆ, ಮುಂದೆ ಬೇರೆ ಗಾಡಿ ಸೇರಿಸುವಾಗ ಈ ಪ್ರಶ್ನೆ ಪರೀಕ್ಷೆ ಮತ್ತೆ ಬರೆಯಬೇಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮದಲ್ಲೇ ಈ ವಿನಾಯಿತಿ ಇದೆ. ಲಾರಿಗೆ 20 ವರ್ಷ ತುಂಬಿರಬೇಕು, ಎಲ್‌ಎಂವಿ ಲೈಸೆನ್ಸ್ ಸಿಕ್ಕು ಒಂದು ವರ್ಷ ಆಗಿರಬೇಕು, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಮತ್ತು ವೈದ್ಯರ ಸರ್ಟಿಫಿಕೇಟ್ ಬೇಕು. ಗಾಡಿ ಓಡಿಸಿ ತೋರಿಸುವ ಪರೀಕ್ಷೆಯೂ ಇದೆ. ಆದರೆ ಬೋರ್ಡುಗಳ ಬಗ್ಗೆ, ರಸ್ತೆ ನಿಯಮದ ಬಗ್ಗೆ ಕೂರಿಸಿ ಯಾರೂ ಕೇಳುವುದಿಲ್ಲ. ಅಂದರೆ ನಿಮ್ಮ ಮಗ ಈ ವಾರ ಏನು ಓದುತ್ತಾನೋ ಅದನ್ನೇ ಇಟ್ಟುಕೊಂಡು ನಾಳೆ ಹದಿನಾರು ಟನ್ ಲಾರಿ ಓಡಿಸುತ್ತಾನೆ. ಅದಕ್ಕೇ ಈ ಒಂದು ಪರೀಕ್ಷೆಯನ್ನು ಸರಿಯಾಗಿ ಓದಿಸಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅದೇ 11ನೇ ನಿಯಮ ಪರೀಕ್ಷೆಯಲ್ಲಿ ಏನು ಕೇಳಬೇಕು ಅಂತಲೂ ಹೇಳಿದೆ. ಸಂಚಾರ ಚಿಹ್ನೆ ಮತ್ತು ರಸ್ತೆ ನಿಯಮ, ಅಪಘಾತವಾದರೆ ಡ್ರೈವರ್ ಏನು ಮಾಡಬೇಕು, ಕಾವಲಿಲ್ಲದ ರೈಲ್ವೆ ಗೇಟು ದಾಟುವುದು ಹೇಗೆ, ಗಾಡಿಯಲ್ಲಿ ಯಾವ ಕಾಗದ ಇರಬೇಕು. ಇಷ್ಟೇ. ಪ್ರಶ್ನೆಗಳು ಕನ್ನಡದಲ್ಲೇ ಬರುತ್ತವೆ, ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ಪಾಸಾಗಲು ಕನಿಷ್ಠ ಶೇ 60 ಸರಿ ಇರಬೇಕು.

ಹುಡುಗರು ಎಡವುವುದು ಚಿಹ್ನೆಗಳಲ್ಲಿ. ನನ್ನ ತಂಗಿಯ ಮಗ ವಿಜಯಪುರದಲ್ಲಿ ಓದುತ್ತಾನೆ. ಮೊದಲ ಸಲ ಫೇಲಾಗಿ ಬಂದ. ಮೊಬೈಲಿನಲ್ಲಿ ಮುನ್ನೂರು ಪ್ರಶ್ನೆ ಬಾಯಿಪಾಠ ಮಾಡಿದ್ದ, ಪಾಪ. ಒಂದು ಹಾಳೆ ಕೊಟ್ಟು "ನೋ ಪಾರ್ಕಿಂಗ್ ಬೋರ್ಡು ಬರಿ" ಅಂದೆ. ನೀಲಿ ಗೋಲ ಬರೆದು ಒಳಗೆ ಕೆಂಪು ಗೀಟು ಎಳೆದ. "ಒಂದು ಗೀಟಾ, ಎರಡಾ?" ಅಂದೆ. ಪೆನ್ನು ಅಲ್ಲೇ ನಿಂತಿತು. ಒಂದು ಅಡ್ಡಗೀಟು ಇದ್ದರೆ ಗಾಡಿ ನಿಲ್ಲಿಸಿ ಹೋಗುವಂತಿಲ್ಲ, ಜನ ಇಳಿಸಿ ಮುಂದೆ ಹೋಗಬಹುದು. ಎರಡು ಗೀಟು ಕತ್ತರಿಯ ಹಾಗೆ ಇದ್ದರೆ ಅಲ್ಲಿ ನಿಲ್ಲಲೇಬಾರದು. "ಹಂಗಾದ್ರ ಮಾಮಾ, ನಾ ಇಷ್ಟು ದಿನ ಎರಡೂ ಒಂದೇ ಅಂದ್ಕೊಂಡಿದ್ದೆ" ಅಂದ. ಅವತ್ತಿನಿಂದ ಕೈಯಲ್ಲಿ ಬರೆದೇ ಕಲಿತ. ಎರಡನೇ ಸಲ ಆರಾಮಾಗಿ ಪಾಸಾದ.

ಬಾಯಿಪಾಠಕ್ಕಿಂತ ಆಕಾರ ಹಿಡಿದು ಕಲಿಸಿ. ತ್ರಿಕೋನ ಎಂದರೆ ಮುಂದೆ ಏನೋ ಇದೆ, ಹುಷಾರು. ಕೆಂಪು ಅಂಚಿನ ಗೋಲ ಎಂದರೆ ಬೇಡ, ಅಥವಾ ಇಷ್ಟಕ್ಕಿಂತ ಜಾಸ್ತಿ ಬೇಡ. ಒಳಗೆ ಬಿಳಿ ಗುರುತಿರುವ ನೀಲಿ ಗೋಲ ಎಂದರೆ ಮಾಡಲೇಬೇಕು. ಹಾರ್ನ್ ಕಡ್ಡಾಯ ಅನ್ನುವ ಬೋರ್ಡು ನೀಲಿ, ಹಾರ್ನ್ ಬೇಡ ಅನ್ನುವುದಕ್ಕೆ ಕೆಂಪು ಅಂಚು. ಚೌಕದ ಬೋರ್ಡು ಸುಮ್ನೆ ಮಾಹಿತಿ ಕೊಡುತ್ತದೆ: ಆಸ್ಪತ್ರೆ, ಪೆಟ್ರೋಲ್ ಬಂಕ್ ಹೀಗೆ. ಎಂಟು ಮೂಲೆಯ ಸ್ಟಾಪ್ ಮತ್ತು ತಲೆಕೆಳಗಾದ ತ್ರಿಕೋನದ 'ದಾರಿ ಬಿಡಿ', ಇವೆರಡರ ಆಕಾರ ಬೇರೆ ಯಾವುದಕ್ಕೂ ಇಲ್ಲ.

ರಸ್ತೆ ನಿಯಮವನ್ನು ಗೊತ್ತಿರುವ ಜಾಗಕ್ಕೆ ಕಟ್ಟಿ ಕಲಿಸಿದರೆ ಮರೆಯುವುದಿಲ್ಲ. ಬೆಳಗಾವಿಯ ಚನ್ನಮ್ಮ ವೃತ್ತಕ್ಕೆ ಬಂದಾಗ ಆಗಲೇ ವೃತ್ತದೊಳಗೆ ಸುತ್ತುತ್ತಿರುವ ಗಾಡಿಗೆ ಮೊದಲು ದಾರಿ. ಚೋರ್ಲಾ ಘಾಟಿನಂಥ ರಸ್ತೆಯಲ್ಲಿ ಜಾಗ ಸಾಲದಿದ್ದರೆ ಇಳಿಯುವವನು ನಿಲ್ಲಬೇಕು, ಹತ್ತುವವನು ಹೋಗಬೇಕು. ಲೋಡ್ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಎಷ್ಟು ಕಷ್ಟ ಅಂತ ಟ್ರ್ಯಾಕ್ಟರ್ ಹಿಡಿದವರಿಗೆ ಹೇಳಬೇಕಾ?

ರೈಲ್ವೆ ಗೇಟಿನ ಪ್ರಶ್ನೆ ಹಳೆಯದು ಅನ್ನಿಸಬಹುದು. ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಕಾವಲಿಲ್ಲದ ಗೇಟುಗಳನ್ನು ರೈಲ್ವೆ 2019ರ ಹೊತ್ತಿಗೆ ತೆಗೆದುಹಾಕಿತು. ಆದರೂ ನಿಯಮದಲ್ಲಿದೆ, ಕೇಳುತ್ತಾರೆ. ಗಾಡಿ ನಿಲ್ಲಿಸಿ, ಜೊತೆಗಿದ್ದವರು ಇಳಿದು ಹಳಿಯ ತನಕ ನಡೆದು ಎರಡೂ ಕಡೆ ನೋಡಬೇಕು. ಒಬ್ಬನೇ ಇದ್ದರೆ ಡ್ರೈವರೇ ಇಳಿಯಬೇಕು.

ಅಪಘಾತದ ಪಾಠವನ್ನು ಮಾತ್ರ ಅಂಕಕ್ಕೆ ಅಂತ ಓದಿಸಬೇಡಿ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು, ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ಹೇಳಬೇಕು, ವಿಮೆ ಕಂಪನಿಗೂ ತಿಳಿಸಬೇಕು. ಸೀಸನ್ನಿನಲ್ಲಿ ರಾತ್ರಿ ಹೊತ್ತು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ನಿಂತ ಕಬ್ಬಿನ ಟ್ರೇಲರನ್ನು ಹತ್ತು ಮಾರು ದೂರದಲ್ಲಿ ಕಂಡು ಬ್ರೇಕ್ ಒತ್ತಿದವನು ನಾನು. ಹೆಡ್‌ಲೈಟಿಗೆ ಮೊದಲು ಕಂಡದ್ದು ಹೊರಗೆ ಚಾಚಿದ ಕಬ್ಬಿನ ತುದಿ. ಎದೆ ಬಡಿತ ಇಳಿಯಲು ಬಹಳ ಹೊತ್ತು ಬೇಕಾಯಿತು. ನಿಮ್ಮ ಟ್ರೇಲರಿಗೆ ರಿಫ್ಲೆಕ್ಟರ್ ಇದೆಯಾ, ಇವತ್ತೇ ನೋಡಿ.

ಕಾಗದ ಸುಲಭ: ಡಿಎಲ್, ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್. ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ.

ಆಧಾರ್ ಇದ್ದರೆ ಈ ಪರೀಕ್ಷೆಯನ್ನು ಈಗ ಮನೆಯಿಂದಲೇ ಬರೆಯಬಹುದು. "ನೀವು ಸುಮ್ನೆ ಕೂತಿರಿ, ನಾವೇ ಒತ್ತುತ್ತೇವೆ" ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಫೇಲಾದರೆ ಮತ್ತೆ ಬರೆಯಬಹುದು, ದೊಡ್ಡ ಖರ್ಚೂ ಇಲ್ಲ.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಬಂದು 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಬಿಳಿ ಬೋರ್ಡಿನ ಮೇಲೆ ಕೆಂಪು 'ಎಲ್' ಹಿಂದೆ ಮುಂದೆ ಇರಬೇಕು, ಕಲಿಸುವ ಡಿಎಲ್‌ದಾರರು ಜೊತೆಗೇ ಇರಬೇಕು. ಹಾಗಾಗಿ ಡಿಎಲ್ ಕೈಗೆ ಬರುವ ತನಕ ಮಗನೊಬ್ಬನನ್ನೇ ಲೋಡ್ ಟ್ರ್ಯಾಕ್ಟರ್ ಕೊಟ್ಟು ಕಾರ್ಖಾನೆಗೆ ಕಳಿಸಬೇಡಿ. ಅಷ್ಟರೊಳಗೆ ಸೀಸನ್ ಶುರುವಾದರೆ ಬೇರೆ ಡ್ರೈವರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.